ಹನ್ನೊಂದು ತುಂಡಿನ ಗ್ರಾಮ ನಕ್ಷೆ: ಮೂರು ತಿಂಗಳ ರಿಪೇರಿ ದಿನಚರಿ

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಹಳೆಯ ಗ್ರಾಮ ನಕ್ಷೆಯ ರಿಪೇರಿ ಮೊನ್ನೆ ಮುಗಿಯಿತು. ಜನವರಿ 11ಕ್ಕೆ ನನ್ನ ಕೈಗೆ ಬಂದಿತ್ತು, ಏಪ್ರಿಲ್ 9ಕ್ಕೆ ಅದರ ನಕಲನ್ನು ಊರಿಗೆ ಕೊಟ್ಟೆ. ಯಾವ ದಿನ ಏನು ಮಾಡಿದೆ, ಎಷ್ಟು ಖರ್ಚಾಯಿತು, ಎಲ್ಲಿ ಎಡವಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಳ್ಳಿ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಇಂಥ ನಕ್ಷೆಗಳು ಇನ್ನೂ ಇವೆ. ಯಾರ ಕೈಗಾದರೂ ಸಿಕ್ಕಾಗ ನಾನು ಮಾಡಿದ ತಪ್ಪು ಅವರು ಮಾಡದಿರಲಿ ಅನ್ನುವುದೇ ಇದನ್ನು ಬರೆಯಲು ಕಾರಣ.

ಹಳ್ಳಿ ಹಳ್ಳಿ ತಿರುಗಿ ನಕ್ಷೆ, ಕಡತ, ಸನ್ನದು ಹುಡುಕುವುದು, ಪಟ್ಟಿ ಮಾಡುವುದು, ಮನೆಯವರು ಒಪ್ಪಿದರೆ ಪತ್ರಾಗಾರಕ್ಕೆ ಸೇರಿಸುವುದು, ಇದು ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ರಿಪೇರಿಯನ್ನು ಮೊದಲ ಹತ್ತು ವರ್ಷ ಬರೀ ಪಕ್ಕದಲ್ಲಿ ನಿಂತು ನೋಡಿದೆ. ಆಮೇಲೆ ಕೈ ಹಾಕಿದೆ. ಸರ್ಕಾರಿ ಕಚೇರಿಯ ದಾಖಲೆಯಾಗಿದ್ದರೆ ನಾನು ಮುಟ್ಟುವ ಹಾಗೇ ಇರಲಿಲ್ಲ. ಇದು ಮನೆತನದ ಪ್ರತಿ. ಮನೆಯ ಹಿರಿಯರಿಂದ ಒಂದು ಪುಟದ ಒಪ್ಪಿಗೆ ಬರೆಸಿಕೊಂಡು ತಂದೆ. ರಿಪೇರಿ ಆದಮೇಲೆ ಮೂಲ ಪ್ರತಿ ಪತ್ರಾಗಾರಕ್ಕೆ, ಒಳ್ಳೆಯ ನಕಲು ಮನೆಗೆ, ಇನ್ನೊಂದು ಊರಿನ ಶಾಲೆಗೆ ಅಂತ ಮಾತಾಯಿತು.

1. ಜನವರಿ 11: ಪೆಟ್ಟಿಗೆ ತೆರೆದದ್ದು

ಅದು ಹಳೆಯ ಶಾನುಭೋಗರ ಮನೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಲೆಕ್ಕದ ಕಾಗದ ಸರ್ಕಾರಕ್ಕೆ ಹೋದರೂ ಮನೆಯಲ್ಲೇ ಉಳಿದದ್ದೂ ಬೇಕಾದಷ್ಟು ಇರುತ್ತದೆ. ಇಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆ. ಒಳಗೆ ಎರಡು ಕಡತ. ಕಡತ ಅಂದರೆ ಈಗಿನ ಆಫೀಸ್ ಫೈಲ್ ಅಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಅವುಗಳ ಕೆಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ನಕ್ಷೆ. ಪಕ್ಕದಲ್ಲಿ ಇನ್ನೊಂದು ಸುರುಳಿ, ಅದನ್ನು ಆವತ್ತು ಮುಟ್ಟಲಿಲ್ಲ.

ಮೊದಲ ತಪ್ಪು ಅಲ್ಲೇ ಆಯಿತು. ಎಲ್ಲರೂ ಸುತ್ತ ನಿಂತಿದ್ದರು, ನೋಡುವ ಆಸೆ ನನಗೂ ಇತ್ತು. ಒಂದು ಮಡಿಕೆ ಬಿಡಿಸಿದೆ. ಹಪ್ಪಳ ಮುರಿದ ಹಾಗೆ ಚಟ್ ಅಂತ ಶಬ್ದ. ಹೆಬ್ಬೆರಳಿನಷ್ಟು ಚೂರು ನನ್ನ ಮಡಿಲಿಗೆ ಬಿತ್ತು. ಮನೆಯ ಹೊಲ ನೋಡಿಕೊಳ್ಳುವವರು ಬಾಗಿಲಲ್ಲಿ ನಿಂತಿದ್ದರು. "ಅಂಗೆ ಎಳೀಬ್ಯಾಡ್ರಮ್ಮ, ಮುರ್ದೋಯ್ತದೆ" ಅಂದರು. ಅವರಿಗೆ ಗೊತ್ತಿದ್ದದ್ದು ನನಗೆ ಆ ಕ್ಷಣ ಮರೆತಿತ್ತು. ಒಣಗಿದ ಕಾಗದವನ್ನು ಸ್ಥಳದಲ್ಲೇ ಬಿಡಿಸಬಾರದು. ಚೂರನ್ನು ಲಕೋಟೆಗೆ ಹಾಕಿ, ಮಡಿಕೆ ಹೇಗಿತ್ತೋ ಹಾಗೇ ಎರಡು ರಟ್ಟಿನ ನಡುವೆ ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಅಳತೆ 61 ಸೆಂ.ಮೀ. × 48 ಸೆಂ.ಮೀ. ಕಲ್ಲಚ್ಚಿನ ಮುದ್ರಣ, ಹಿಂದೆ ಮಲ್ ಬಟ್ಟೆ ಅಂಟಿಸಿದೆ. ಎಂಟು ಮಡಿಕೆ. ಕೆಳಗಿನ ಬಲಮೂಲೆಯನ್ನು ಗೆದ್ದಲು ತಿಂದಿದೆ. ಇಸವಿ ಇದ್ದ ಜಾಗವೂ ಅಲ್ಲೇ ಹೋಗಿದೆ. ಮಧ್ಯದ ಒಂದು ಹರುಕಿಗೆ ಯಾರೋ ಸೆಲ್ಲೋ ಟೇಪ್ ಹಾಕಿದ್ದಾರೆ. ಹಿಂಭಾಗದಲ್ಲಿ ಒಂದು ಕಂದು ಕಾಗದದ ತೇಪೆ.

2. ಜನವರಿ 18: ಹದ ಮಾಡಿದ್ದು

ದೊಡ್ಡ ಪ್ಲಾಸ್ಟಿಕ್ ಟ್ರೇ (₹600). ತಳದಲ್ಲಿ ನೀರಲ್ಲಿ ಅದ್ದಿ ಹಿಂಡಿದ ಬ್ಲಾಟಿಂಗ್ ಪೇಪರ್. ಅದರ ಮೇಲೆ ಎರಡು ಇಂಚು ಎತ್ತರದಲ್ಲಿ ಸೊಳ್ಳೆ ಪರದೆಯ ಜಾಲರಿ. ಜಾಲರಿ ಮೇಲೆ ನಕ್ಷೆ. ಮೇಲೆ ಮುಚ್ಚಳ. ನೀರು ಕಾಗದಕ್ಕೆ ತಾಗಬಾರದು, ತೇವದ ಗಾಳಿ ಮಾತ್ರ ತಾಗಬೇಕು. ಒಳಗೆ ತೇವಾಂಶ ನೋಡುವ ಸಣ್ಣ ಮೀಟರ್ (₹420) ಇಟ್ಟಿದ್ದೆ. ನಾಲ್ಕು ಗಂಟೆಯಲ್ಲಿ ಶೇಕಡಾ 85ರ ಹತ್ತಿರ ಬಂತು. ಐದನೇ ಗಂಟೆಗೆ ಮಡಿಕೆಗಳು ತಾವಾಗೇ ಸಡಿಲವಾದವು. ಇದನ್ನು ರಾತ್ರಿಯಿಡೀ ಬಿಡಬಾರದು, ಬೂಷ್ಟು ಬರುತ್ತದೆ.

ಬಿಡಿಸಿ, ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಗಾಜಿನ ಹಲಗೆ ಹೇರಿ ಮಲಗಿದೆ.

3. ಜನವರಿ 19: ಫೋಟೋ

ಎರಡು ಕಡೆಯಿಂದ ದೀಪ, ಪಕ್ಕದಲ್ಲಿ ಬಣ್ಣದ ಪಟ್ಟಿ ಮತ್ತು ಸ್ಕೇಲು ಇಟ್ಟು 24 ಫೋಟೋ ತೆಗೆದೆ. ಆಮೇಲೆ ಒಂದೇ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆ ಬೆಳಕಿನಲ್ಲಿ ತೆಗೆಯಬೇಕು. ಕಾಗದದ ಮೇಲೆ ಪೆನ್ಸಿಲ್ ಒತ್ತಿದ ಗೆರೆ, ಸುಕ್ಕು, ಗೀರು ಎಲ್ಲ ನೆರಳಿನಲ್ಲಿ ಎದ್ದು ಕಾಣುತ್ತದೆ. ಮೇಲಿನ ಅರ್ಧಕ್ಕೆ ಹೀಗೆ ತೆಗೆದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದಮೇಲೆ ಮುಂದುವರಿಸೋಣ ಅಂದುಕೊಂಡೆ. ಕರೆಂಟ್ ಬಂತು, ನಾನು ಮುಂದುವರಿಸಲಿಲ್ಲ.

ಈ ಮೂರು ತಿಂಗಳ ದೊಡ್ಡ ತಪ್ಪಿನ ಬೇರು ಇಲ್ಲಿದೆ.

4. ಜನವರಿ 21ರಿಂದ 24: ಒಣ ಶುಚಿ

ಮೊದಲು ಮೃದುವಾದ ಮೇಕೆ ಕೂದಲಿನ ಬ್ರಷ್ (₹380). ಮಡಿಕೆಯ ಸಂದಿಯಿಂದ ಮಣ್ಣು, ಗೆದ್ದಲಿನ ಪುಡಿ, ಒಂದು ರಾಗಿ ಕಾಳು ಬಂತು. ಆಮೇಲೆ ಬಿಳಿ ರಬ್ಬರನ್ನು ತುರಿಮಣೆಯಲ್ಲಿ ತುರಿದು ಪುಡಿ ಮಾಡಿ, ಅಂಗೈಯಿಂದ ಹಗುರವಾಗಿ ಸುತ್ತಿಸಿದೆ. ಪುಡಿ ಬೂದು ಬಣ್ಣಕ್ಕೆ ತಿರುಗಿದರೆ ಬ್ರಷ್‌ನಿಂದ ಸರಿಸಿ ಹೊಸದು ಹಾಕುವುದು. ಮೂರು ದಿನ ಚೆನ್ನಾಗಿ ನಡೆಯಿತು.

ನಾಲ್ಕನೇ ದಿನ ಕೆಳಗಿನ ಬಲಭಾಗ. ಅಲ್ಲಿ ಸರ್ವೆ ನಂಬರುಗಳ ನಡುವೆ ಒಂದು ಸಣ್ಣ ಕಟ್ಟೆ, ಅಂದರೆ ಚಿಕ್ಕ ಕೆರೆ ಇದೆ, ಅಚ್ಚಿನಲ್ಲಿ ಅದಕ್ಕೆ ಹೆಸರಿಲ್ಲ. ಸುತ್ತ ಬೂದು ಬಣ್ಣದ ಕೊಳೆ, ಬೆರಳು ಆಡಿಸಿದ ಹಾಗೆ. ಆ ಜಾಗದಲ್ಲಿ ಕೊಳೆ ಜಾಸ್ತಿ ಅಂತ ಪುಡಿ ಬಿಟ್ಟು ರಬ್ಬರಿನ ತುಂಡನ್ನೇ ಹಿಡಿದು ಉಜ್ಜಿದೆ. ಎರಡು, ಮೂರು ಸಲ. ಕೊಳೆ ಹೋಗುತ್ತಿದ್ದ ಹಾಗೆ ಅದರೊಳಗಿಂದ ಅಕ್ಷರ ಕಾಣಿಸಿತು. ಪೆನ್ಸಿಲಿನಲ್ಲಿ ಯಾರೋ ಕಟ್ಟೆಯ ಹೆಸರು ಬರೆದಿದ್ದರು. "ಮ್ಮನ ಕಟ್ಟೆ" ಅನ್ನುವುದು ಉಳಿಯಿತು. ಅದರ ಹಿಂದಿನ ಎರಡು ಅಕ್ಷರವನ್ನು ನಾನು ಒರೆಸಿ ಹಾಕಿದ್ದೆ.

ಕೈ ತಣ್ಣಗಾಯಿತು. ರಬ್ಬರ್ ಕೆಳಗಿಟ್ಟು ಎದ್ದುಹೋದೆ. ಆವತ್ತು ಮತ್ತೆ ಆ ಕೋಣೆಗೆ ಹೋಗಲಿಲ್ಲ.

ಯಾವುದೋ ಶಾನುಭೋಗರು, ಇಲ್ಲವೇ ಮನೆಯ ಮಗ, ಊರವರು ಕರೆಯುವ ಹೆಸರನ್ನು ಸರ್ಕಾರದ ನಕ್ಷೆಯ ಮೇಲೆ ಸೇರಿಸಿದ್ದರು. ನಾನು ಇಷ್ಟು ವರ್ಷ ಹುಡುಕಿಕೊಂಡು ತಿರುಗುವುದು ಅಂಥ ಹೆಸರುಗಳನ್ನೇ. ಅಚ್ಚಾದ ಗೆರೆಗಳ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಆ ಪೆನ್ಸಿಲ್ ಅಕ್ಷರ ಇದ್ದದ್ದು ಇದೊಂದೇ ಕಾಗದದ ಮೇಲೆ.

ಮರುದಿನ ಓರೆ ಬೆಳಕಿನಲ್ಲಿ ನೋಡಿದೆ. ಒತ್ತಿ ಬರೆದ ಗುರುತು ಇನ್ನೂ ಸ್ವಲ್ಪ ಇತ್ತು. ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದಾಗ "ಮ್ಮ"ದ ಹಿಂದಿನ ಅಕ್ಷರಕ್ಕೆ ಒತ್ತಕ್ಷರ ಇರುವುದು ತಿಳಿಯಿತು. ಅದು ನಕಾರದ ಒತ್ತೋ, ಣಕಾರದ ಒತ್ತೋ ತಿಳಿಯಲಿಲ್ಲ. ಮೊದಲ ಅಕ್ಷರ ಪೂರ್ತಿ ಹೋಗಿದೆ. ಜನವರಿ 19ರ ಫೋಟೋದಲ್ಲಿ ಆ ಜಾಗ ಬರೀ ಬೂದು ಮಸುಕು.

ಅಂದಿನಿಂದ ನನ್ನ ನಿಯಮ: ಓರೆ ಬೆಳಕಿನ ಫೋಟೋ ಮುಂದೆ ಹಿಂದೆ ಎರಡೂ ಕಡೆ ಮುಗಿಯುವ ತನಕ ರಬ್ಬರು ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಕೆರೆ, ಬಾವಿ, ಗುಡಿ, ದಾರಿ ಇರುವ ಜಾಗದಲ್ಲಿ ಕೊಳೆ ಕಂಡರೆ ಮೊದಲು ಭೂತಗನ್ನಡಿ. ಜನ ಬೆರಳಿಟ್ಟು ತೋರಿಸಿದ ಜಾಗದಲ್ಲೇ ಕೊಳೆ ಜಾಸ್ತಿ ಕೂರುತ್ತದೆ, ಜನ ಏನಾದರೂ ಬರೆಯುವುದೂ ಅಲ್ಲೇ.

5. ಫೆಬ್ರವರಿ 1: ಸೆಲ್ಲೋ ಟೇಪ್

ಹಳೆಯ ಟೇಪ್‌ನ ಪ್ಲಾಸ್ಟಿಕ್ ಒಣಗಿ ಅರ್ಧ ಎದ್ದಿತ್ತು. ಹೇರ್ ಡ್ರೈಯರ್ ಬಿಸಿ ಕೊಟ್ಟೆ. ಮೊದಲ ಎರಡು ಸೆಂಟಿಮೀಟರ್ ಸುಲಭವಾಗಿ ಬಂತು. ಆಮೇಲೆ ನೋಡಿದರೆ ಬಿಸಿಗೆ ಅಂಟು ಕರಗಿ ಕಾಗದದೊಳಕ್ಕೆ ಇಳಿದು ಎಣ್ಣೆ ಕಲೆಯ ಹಾಗೆ ಹರಡಿದೆ. ತಕ್ಷಣ ನಿಲ್ಲಿಸಿದೆ. ಉಳಿದದ್ದನ್ನು ತೆಳುವಾದ ಸ್ಟೀಲ್ ಸ್ಪಾಟುಲಾದಿಂದ (₹450), ಬಿಸಿ ಇಲ್ಲದೆ, ಒಂದೊಂದು ಮಿಲಿಮೀಟರ್ ಎಬ್ಬಿಸಿದೆ. ಮೇಲೆ ಉಳಿದ ಜಿಗುಟನ್ನು ಕ್ರೇಪ್ ರಬ್ಬರ್ ತುಂಡಿನಿಂದ ಉಂಡೆ ಕಟ್ಟಿಸಿ ತೆಗೆದೆ. ಕಂದು ಕಲೆ ಹಾಗೇ ಇದೆ. ಅದನ್ನು ತೆಗೆಯಲು ರಾಸಾಯನಿಕ ಹಾಕಲಿಲ್ಲ, ಕಾರಣ ಮುಂದಿನ ಹಂತದಲ್ಲಿದೆ.

6. ಫೆಬ್ರವರಿ 2: ಹನಿ ಪರೀಕ್ಷೆ

ಪ್ರತಿ ಬಣ್ಣದ ಮೇಲೆ ಸೂಜಿ ಮೊನೆಯಷ್ಟು ನೀರು ಇಟ್ಟು, ಹತ್ತು ಎಣಿಸಿ, ಬ್ಲಾಟಿಂಗ್ ಪೇಪರ್ ಒತ್ತಿ ನೋಡುವುದು. ಅಚ್ಚಿನ ಕಪ್ಪು ಜಗ್ಗಲಿಲ್ಲ. ಕೆರೆಯ ನೀಲಿ ಸ್ವಲ್ಪವೂ ಬಿಡಲಿಲ್ಲ. ಕೆಂಪು ಮಾತ್ರ ಮುಟ್ಟಿದ ಕೂಡಲೇ ಗುಲಾಬಿಯಾಗಿ ಹರಿಯಿತು. ಆಲ್ಕೋಹಾಲ್ ಹನಿಗೂ ಹಾಗೇ.

ಈ ಕೆಂಪು ಗೆರೆಗಳು ಅಚ್ಚಿನವಲ್ಲ. ಆಮೇಲೆ ಜಮೀನು ಪೋಡಿ ಆದಾಗ, ಅಂದರೆ ಒಂದು ಸರ್ವೆ ನಂಬರು ಎರಡು ಮೂರು ಹಿಸ್ಸೆಯಾದಾಗ, ಕೈಯಲ್ಲಿ ಎಳೆದವು. ಊರಿನ ಜಮೀನು ಹೇಗೆ ಒಡೆಯುತ್ತಾ ಹೋಯಿತು ಅನ್ನುವುದು ಆ ಕೆಂಪಿನಲ್ಲಿದೆ. ಹಾಗಾಗಿ ನಕ್ಷೆಯನ್ನು ನೀರಿನಲ್ಲಿ ತೊಳೆಯುವ ಯೋಚನೆ ಅಲ್ಲಿಗೇ ಬಿಟ್ಟೆ. ಪಿಎಚ್ ಪಟ್ಟಿ (₹280) ಒಂದು ಅಂಚಿನಲ್ಲಿ ಒತ್ತಿ ನೋಡಿದರೆ 5ಕ್ಕಿಂತ ಕೆಳಗೆ ಬಂತು. ಕಾಗದದಲ್ಲಿ ಹುಳಿ (ಆಮ್ಲ) ಇದೆ. ತೊಳೆದರೆ ಹುಳಿ ಹೋಗುತ್ತಿತ್ತು, ಕೆಂಪೂ ಹೋಗುತ್ತಿತ್ತು. ಕೆಂಪು ಉಳಿಯಲಿ ಅಂದುಕೊಂಡೆ.

7. ಫೆಬ್ರವರಿ 8ರಿಂದ 22: ಹಿಂದಿನ ಬಟ್ಟೆ

ಹದಿನೈದು ದಿನದಲ್ಲಿ ಹನ್ನೊಂದು ಸಂಜೆ ಇದಕ್ಕೇ ಹೋಯಿತು.

ಮಲ್ ಬಟ್ಟೆಯನ್ನು ಮೈದಾ ಅಂಟಿನಿಂದ ಕೂಡಿಸಿದ್ದರು. ಅಂಟು ಒಣಗಿದ ಕಡೆ ತೆಳು ಹಸಿರು ಛಾಯೆ ಇತ್ತು. ಹಳೆಯ ಬೈಂಡಿಂಗ್‌ನವರು ಹುಳ ಬಾರದಿರಲಿ ಅಂತ ಮೈದಾ ಗಂಜಿಗೆ ಮೈಲುತುತ್ತ ಹಾಕುತ್ತಿದ್ದರು. ಅದರಲ್ಲಿರುವ ತಾಮ್ರ ವರ್ಷಗಳು ಕಳೆದ ಹಾಗೆ ಕಾಗದವನ್ನೇ ಸುಡುತ್ತದೆ. ಈಗಲೂ ಕೆಲವು ಕಡೆ ಹಾಕುತ್ತಾರೆ. ದಯವಿಟ್ಟು ನಕ್ಷೆಗೆ ಬೇಡ.

ಕೆಂಪು ಶಾಯಿ ಇರುವುದರಿಂದ ನೀರು ಹಾಕಿ ಬಟ್ಟೆ ಬಿಡಿಸುವ ಹಾಗಿಲ್ಲ. ಒಣಗಿದ ಹಾಗೇ ಬಿಡಿಸಬೇಕು. ನಕ್ಷೆಯ ಮುಖ ಕೆಳಗೆ ಮಾಡಿ ಬ್ಲಾಟಿಂಗ್ ಮೇಲೆ ಮಲಗಿಸಿದೆ. ಮೊದಲ ಸಂಜೆ ಬಟ್ಟೆಯ ಮೂಲೆ ಹಿಡಿದು ಮೇಲಕ್ಕೆ ಎತ್ತಿದೆ. ಬಟ್ಟೆಯ ಜೊತೆ ಕಾಗದದ ಪದರವೂ ಎದ್ದು ಬಂತು. ಮೇಲಕ್ಕೆ ಎತ್ತಬಾರದು. ಬಟ್ಟೆಯನ್ನು ಪೂರ್ತಿ ಹಿಂದಕ್ಕೆ ಮಡಚಿ, ನಕ್ಷೆಗೆ ಒರಗಿಸಿಕೊಂಡು, ನಿಧಾನವಾಗಿ ಎಳೆಯಬೇಕು. ಅದೂ ಆಗದ ಕಡೆ ಬಟ್ಟೆಯ ನೂಲನ್ನೇ ಒಂದೊಂದಾಗಿ ಬಿಡಿಸಬೇಕು. ಮೊದಲು ಉದ್ದದ ನೂಲು, ಆಮೇಲೆ ಅಡ್ಡದ್ದು. ಚಿಮುಟದಲ್ಲಿ ನೂಲಿನ ತುದಿ ಹಿಡಿದು ಎಳೆದರೆ ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು. ಒಣ ಅಂಟು ಒಂದೊಂದೇ ಕಣ ಬಿಡುವ ಸದ್ದು ಅದು. ಸದ್ದು ನಿಂತು ಎಳೆತ ಬಿಗಿಯಾದರೆ ಕಾಗದ ಸಿಕ್ಕಿದೆ ಅಂತ ಅರ್ಥ, ನಿಲ್ಲಿಸಬೇಕು. ಮೂರನೇ ಸಂಜೆಯ ಹೊತ್ತಿಗೆ ಕಣ್ಣಿಗಿಂತ ಕಿವಿಯನ್ನೇ ನಂಬಿ ಕೆಲಸ ಮಾಡುತ್ತಿದ್ದೆ. ಫ್ಯಾನ್ ಕೂಡ ಆರಿಸಿದ್ದೆ, ಚೂರು ಹಾರುತ್ತದೆ ಅಂತ, ಸದ್ದು ಕೇಳಿಸಲಿ ಅಂತಲೂ.

ಹಿಂಭಾಗದ ಕಂದು ತೇಪೆ ತಾನೇ ಬಿಟ್ಟುಕೊಂಡಿತು. ತಿರುಗಿಸಿ ನೋಡಿದರೆ ಅದು ಯಾವುದೋ ರಾಗಿ ಲೆಕ್ಕದ ಹಾಳೆಯ ತುಂಡು. ಕನ್ನಡ ಅಂಕಿಯಲ್ಲಿ ಖಂಡುಗ, ಕೊಳಗದ ಲೆಕ್ಕ. 20 ಕೊಳಗಕ್ಕೆ ಒಂದು ಖಂಡುಗ ಅಂತ ಕೂಡಿಸುತ್ತಾ ಹೋಗಿದ್ದಾರೆ. ಅದನ್ನು ಬೇರೆ ಲಕೋಟೆಯಲ್ಲಿಟ್ಟು ನಕ್ಷೆಯ ಯಾವ ಜಾಗದಲ್ಲಿತ್ತು ಅಂತ ಗುರುತು ಹಾಕಿದೆ. ತೇಪೆ ಅಂತ ಎಸೆಯಬಾರದು, ಅಲ್ವಾ?

ಬಟ್ಟೆ ಪೂರ್ತಿ ಬಂದಮೇಲೆ ಎಣಿಸಿದೆ. ಹನ್ನೊಂದು ತುಂಡು, ಜೊತೆಗೆ ಲಕೋಟೆಯಲ್ಲಿ ಚೂರುಗಳು.

8. ಮಾರ್ಚ್ 1ರಿಂದ 5: ಅಂಟು ಕಾಯಿಸಿದ್ದು

ಗೋಧಿ ಪಿಷ್ಟದ ಪುಡಿ ಅರ್ಧ ಕೆಜಿಗೆ ₹1,850. ಮೈದಾ ಅಲ್ಲ. ಮೈದಾದಲ್ಲಿ ಗೋಧಿಯ ಅಂಟುಪ್ರೋಟೀನೂ ಇರುತ್ತದೆ, ಅದು ಗಟ್ಟಿಯಾಗುತ್ತದೆ, ಹುಳ ಕರೆಯುತ್ತದೆ. ಒಂದು ಪಾಲು ಪಿಷ್ಟ, ಐದು ಪಾಲು ನೀರು. ಒಂದು ಗಂಟೆ ನೆನೆಸಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ನಲವತ್ತು ನಿಮಿಷ ಕೈ ಬಿಡದೆ ತಿರುಗಿಸಬೇಕು. ಅಂಬಲಿ ಹದ ದಾಟಿ, ಹೊಳಪು ಬಂದು, ಸೌಟಿನಿಂದ ಭಾರವಾಗಿ ಬೀಳಬೇಕು.

ಮೊದಲ ಸಲ ನೇರ ಒಲೆಯ ಮೇಲಿಟ್ಟೆ. ತಳ ಹಿಡಿಯಿತು, ಗಂಟಾಯಿತು, ಚೆಲ್ಲಿದೆ. ಎರಡನೇ ಸಲ ಚೆನ್ನಾಗಿ ಬಂತು, ಆದರೆ ಹೊರಗೇ ಇಟ್ಟಿದ್ದೆ. ಮಾರ್ಚ್ ಸೆಕೆಗೆ ಎರಡೇ ದಿನದಲ್ಲಿ ಹುಳಿ ವಾಸನೆ. ಮೂರನೆಯದು ಸರಿಯಾಯಿತು. ಟೀ ಸೋಸುವ ಜರಡಿಯಲ್ಲಿ ಮೂರು ಸಲ ಸೋಸಿ, ಬೇಕಾದಷ್ಟೇ ತೆಗೆದು ಉಳಿದದ್ದು ಫ್ರಿಜ್‌ಗೆ.

ಜಪಾನಿ ಟಿಶ್ಯೂ ಆರು ಹಾಳೆ (ಒಂದಕ್ಕೆ ₹320). ನಾರು ಉದ್ದ, ತುಂಬ ತೆಳು, ಆದರೆ ಗಟ್ಟಿ. ಕೆಂಪು ಶಾಯಿಯ ಕಾರಣಕ್ಕೆ ಹಸಿ ಅಂಟಿನಿಂದ ಇಡೀ ನಕ್ಷೆಗೆ ಹೊಸ ಬೆನ್ನು ಕೊಡುವ ಧೈರ್ಯ ಬರಲಿಲ್ಲ. ಬೇರೆ ದಾರಿ ಹಿಡಿದೆ. ಪಿಷ್ಟದ ಅಂಟಿಗೆ ಮೀಥೈಲ್ ಸೆಲ್ಯುಲೋಸ್ (₹650) ಬೆರೆಸಿ, ಹಾಲಿನ ಹದಕ್ಕೆ ತಂದು, ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿದು, ಅದರ ಮೇಲೆ ಟಿಶ್ಯೂ ಹಾಸಿ ಒಣಗಿಸಿದೆ. ಒಣಗಿದ ಮೇಲೆ ಅದು ಅಂಚೆಚೀಟಿಯ ಹಾಗೆ. ಬೇಕಾದ ಪಟ್ಟಿ ಹರಿದು, ತೇವದ ಸ್ಪಂಜಿಗೆ ಒಂದು ಕ್ಷಣ ತಾಗಿಸಿ ಹಚ್ಚಿದರೆ ಸಾಕು. ನೀರು ನಕ್ಷೆಯೊಳಕ್ಕೆ ಇಳಿಯುವುದಿಲ್ಲ. ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಬಾರದು. ಒದ್ದೆ ಗೆರೆ ಎಳೆದು ಹರಿದರೆ ಅಂಚಿನಲ್ಲಿ ನಾರು ಉಳಿಯುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಮೊದಲು ಹಳೆಯ ಕ್ಯಾಲೆಂಡರ್ ಹಾಳೆಗೆ ಕೆಂಪು ಇಂಕಿನ ಗೆರೆ ಎಳೆದು ನಾಲ್ಕು ಸಲ ಪ್ರಯೋಗ ಮಾಡಿದೆ. ಎರಡು ಸಲ ಸ್ಪಂಜು ಜಾಸ್ತಿ ಒದ್ದೆಯಾಗಿ ಕೆಂಪು ಹರಡಿತು. ಅದಕ್ಕೇ ಎರಡು ಹಾಳೆ ಟಿಶ್ಯೂ ಖರ್ಚಾಯಿತು.

9. ಮಾರ್ಚ್ 8ರಿಂದ 15: ಜೋಡಣೆ

ಎರಡು ಸ್ಟೂಲಿನ ಮೇಲೆ ದಪ್ಪ ಗಾಜು, ಕೆಳಗೆ ಟ್ಯೂಬ್‌ಲೈಟ್. ಹನ್ನೊಂದು ತುಂಡನ್ನು ಗಾಜಿನ ಮೇಲೆ ಜೋಡಿಸಿದೆ. ಮುರಿದ ಅಂಚಿಗೆ ಅಂಚು ಕೂಡಿಸುತ್ತಾ ಎಡದಿಂದ ಬಲಕ್ಕೆ ಬಂದೆ. ಎಲ್ಲ ಸರಿಯಾಗಿ ಕಂಡಿತು. ಆರು ಪಟ್ಟಿ ಹಚ್ಚಿಯೂ ಆಯಿತು. ಆಮೇಲೆ ದಾರ ಹಿಡಿದು ನೋಡಿದರೆ ಊರಿನ ನಡುವೆ ಹಾಯುವ ಒಂದು ನೇರ ಸರ್ವೆ ಗೆರೆ ಬಲಗಡೆಯ ತುಂಡಿನಲ್ಲಿ ಎರಡು ಮಿಲಿಮೀಟರ್ ಕೆಳಗೆ ಕೂತಿದೆ.

ಎರಡು ಮಿಲಿಮೀಟರ್ ತಾನೆ ಅನ್ನಿಸಬಹುದು. ಈ ನಕ್ಷೆಯ ಪ್ರಮಾಣ ಮೈಲಿಗೆ 8 ಇಂಚು, ಅಂದರೆ 1ಕ್ಕೆ 7,920. ಕಾಗದದ ಒಂದು ಮಿಲಿಮೀಟರ್ ಹೊಲದಲ್ಲಿ ಸುಮಾರು 8 ಮೀಟರ್. ನನ್ನ ಎರಡು ಮಿಲಿಮೀಟರ್ ಅಂದರೆ 16 ಮೀಟರ್, ಒಂದೂವರೆ ಸರಪಳಿಗಿಂತ ಜಾಸ್ತಿ. ಸರ್ವೆಯ ಸರಪಳಿ 33 ಅಡಿ, ಅದರ ಚೌಕವೇ ಒಂದು ಗುಂಟೆ, 40 ಗುಂಟೆಗೆ ಎಕರೆ. ನಕ್ಷೆಯ ಒಂದು ಚದರ ಇಂಚಿನಲ್ಲಿ ಸರಿಯಾಗಿ 10 ಎಕರೆ ಹಿಡಿಯುತ್ತದೆ. ಆ ಲೆಕ್ಕದ ಮೇಲೆ ಸರಪಳಿ ಹೊತ್ತು ಹೊಲ ಹೊಲ ನಡೆದವರು ಬಾಂದು ಕಲ್ಲು ನೆಟ್ಟು ಎಳೆದ ಗೆರೆ ಅದು. ಅದನ್ನು ನಾನು ಅಂಟಿನಿಂದ ಜರುಗಿಸಿದರೆ ಹೇಗೆ?

ತಪ್ಪಿನ ಕಾರಣ ಸರಳ. ಮಡಿಕೆಯಲ್ಲಿ ಕಾಗದ ಸವೆದು ಅಂಚು ಪುಡಿಯಾಗಿ ಹೋಗಿದೆ. ಪ್ರತಿ ಮಡಿಕೆಯಲ್ಲೂ ಕೂದಲೆಳೆಯಷ್ಟು ಕಾಗದ ಇಲ್ಲ. ಅಂಚಿಗೆ ಅಂಚು ತಾಗಿಸಿದರೆ ಅಷ್ಟಷ್ಟೂ ಸೇರಿ ಕೊನೆಗೆ ನಕ್ಷೆ ಸೊಟ್ಟಗಾಗುತ್ತದೆ. ಅಂಚನ್ನು ನಂಬಬಾರದು, ಗೆರೆಯನ್ನು ನಂಬಬೇಕು.

ಆರೂ ಪಟ್ಟಿ ಬಿಡಿಸಿದೆ. ತೇವ ಮಾಡಿದ ಕೂಡಲೇ ಸಲೀಸಾಗಿ ಬಂದವು. ಈ ಅಂಟನ್ನು ಆರಿಸಿಕೊಂಡದ್ದಕ್ಕೆ ಆವತ್ತು ತುಂಬ ಸಮಾಧಾನವಾಯಿತು. ಫೆವಿಕಾಲ್ ಹಾಕಿದ್ದರೆ ಆ ತಪ್ಪು ಶಾಶ್ವತ.

ಎರಡನೇ ಸಲ ಬೇರೆ ಕ್ರಮ. ಗಾಜಿನ ಕೆಳಗೆ ಗ್ರಾಫ್ ಹಾಳೆ ಇಟ್ಟೆ. ಎರಡು ತುಂಡಿನಲ್ಲೂ ಹಾದುಹೋಗುವ ಉದ್ದನೆಯ ಗೆರೆಗಳನ್ನು ಆರಿಸಿ ದಾರ ಕಟ್ಟಿ ಜೋಡಿಸಿದೆ. ನಮ್ಮ ಜೊತೆ ಕೆಲಸ ಕಲಿಯುವ ಹುಡುಗಿ ದಾರ ಹಿಡಿದಳು, ನಾನು ತುಂಡು ಸರಿಸಿದೆ. ಮಡಿಕೆ ಇದ್ದ ಕಡೆ ಅರ್ಧ ಮಿಲಿಮೀಟರ್ ಖಾಲಿ ಸಂದು ಉಳಿಯಿತು. ಅದು ಉಳಿಯಲೇಬೇಕು. ಮೂರೂರ ಗಡಿ ಕೂಡುವ ಕಲ್ಲಿನ ಗುರುತು ಎರಡು ತುಂಡಿನ ನಡುವೆ ಒಡೆದಿತ್ತು, ಅದು ಕೂಡಿದಾಗ ಇಬ್ಬರೂ ಉಸಿರು ಬಿಟ್ಟೆವು. ಅಲ್ಲಿಂದ ಹಿಂಭಾಗಕ್ಕೆ ಪಟ್ಟಿ ಹಚ್ಚುವುದು ಎರಡೇ ದಿನದ ಕೆಲಸ. ಕೆಂಪು ಗೆರೆ ಇರುವ ಕಡೆ ಪಟ್ಟಿಯನ್ನು ಇನ್ನೂ ಕಿರಿದು ಮಾಡಿದೆ.

ಗೆದ್ದಲು ತಿಂದ ಮೂಲೆಗೆ ಅದೇ ದಪ್ಪದ ಖಾಲಿ ಕಾಗದ ಕೂಡಿಸಿದೆ. "ಪಕ್ಕದ ಗೆರೆ ನೋಡಿ ಇಲ್ಲೂ ಎಳೆದುಬಿಡೋಣ್ವಾ ಮೇಡಂ, ಚೆನ್ನಾಗಿ ಕಾಣುತ್ತೆ" ಅಂದಳು ಹುಡುಗಿ. ಬೇಡ ಅಂದೆ. ಇಲ್ಲದ್ದು ಇಲ್ಲದ ಹಾಗೇ ಕಾಣಬೇಕು. ನಾಳೆ ಯಾರೋ ನಮ್ಮ ಗೆರೆಯನ್ನು ಸರ್ವೆಯವರ ಗೆರೆ ಅಂದುಕೊಂಡರೆ?

10. ಮಾರ್ಚ್ 16ರಿಂದ 28: ಒಣಗಿಸಿದ್ದು, ಅಳೆದದ್ದು

ಬ್ಲಾಟಿಂಗ್ ಪೇಪರ್ (ಒಟ್ಟು 20 ಹಾಳೆ, ₹900) ನಡುವೆ ಇಟ್ಟು ಗಾಜು ಮತ್ತು ಪುಸ್ತಕದ ಭಾರ. ನಾಲ್ಕನೇ ದಿನಕ್ಕೆ ಒಣಗಿದೆ ಅಂದುಕೊಂಡು ತೆಗೆದೆ. ಸಂಜೆಗೆ ಎಡಗಡೆ ಅಲೆಅಲೆಯಾಗಿ ಎದ್ದಿತು. ಮತ್ತೆ ಹದ ಮಾಡಿ, ಮತ್ತೆ ಒತ್ತಿ, ಈ ಸಲ ಬ್ಲಾಟಿಂಗ್ ಬದಲಿಸುತ್ತಾ ಎಂಟು ದಿನ ಬಿಟ್ಟೆ.

ಕೆಳಗೆ ಅಚ್ಚಾದ ಅಳತೆಪಟ್ಟಿ ಇದೆ. ಅರ್ಧ ಮೈಲಿಗೆ 4 ಇಂಚು, ಅಂದರೆ 101.6 ಮಿ.ಮೀ. ಇರಬೇಕು. ಕೆಲಸಕ್ಕೆ ಮೊದಲು ಅಳೆದಾಗ 101.0 ಇತ್ತು. ಇಷ್ಟು ವರ್ಷದಲ್ಲಿ ಕಾಗದ ಅಷ್ಟು ಕುಗ್ಗಿದೆ. ಈಗ ಅಳೆದರೆ 101.2. ತೇವಕ್ಕೆ ಹಿಗ್ಗಿದ್ದು 0.2 ಮಿ.ಮೀ. ಎರಡೂ ಅಂಕಿಯನ್ನು ರಿಪೇರಿ ಚೀಟಿಯಲ್ಲಿ ಬರೆದೆ. ಮುಂದೆ ಯಾರಾದರೂ ಈ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಈಗಿನ ನಕ್ಷೆಯ ಮೇಲೆ ಕೂರಿಸಿದರೆ ಅವರಿಗೆ ಇದು ಬೇಕಾಗುತ್ತದೆ.

11. ಏಪ್ರಿಲ್ 2: ಸ್ಕ್ಯಾನ್ ಮತ್ತು ಹೊದಿಕೆ

ಪರಿಚಯದವರ ದೊಡ್ಡ ಸ್ಕ್ಯಾನರಿನಲ್ಲಿ 400 ಡಿಪಿಐನಲ್ಲಿ ಸ್ಕ್ಯಾನ್ ಆಯಿತು. ಆಮೇಲೆ ಪಾಲಿಯೆಸ್ಟರ್ ಹಾಳೆಯ (4 ಮೀಟರ್, ₹720) ಹೊದಿಕೆ, ಹಿಂದೆ ಹುಳಿ ಇಲ್ಲದ ರಟ್ಟು (ಎರಡಕ್ಕೆ ₹520). ಹೊದಿಕೆಯ ಮೂಲೆ ಮುಚ್ಚಿಲ್ಲ, ಗಾಳಿ ಆಡಬೇಕು. ಲ್ಯಾಮಿನೇಷನ್ ಮಾಡಿಸಲಿಲ್ಲ. ಅಂಗಡಿಯ ಲ್ಯಾಮಿನೇಷನ್‌ನಿಂದ ಹಾಳಾದ ನಕ್ಷೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ಲಾಸ್ಟಿಕ್ ಕಾಗದಕ್ಕೆ ಕರಗಿ ಹಿಡಿದರೆ ಮತ್ತೆ ಬಿಡಿಸುವ ದಾರಿಯಿಲ್ಲ.

ಸಾಮಾನಿನ ಖರ್ಚು ಒಟ್ಟು ₹8,690. ಎರಡು ಸಲ ಊರಿಗೆ ಹೋಗಿಬಂದ ಬಸ್ಸಿಗೆ ₹640. ಪಿಷ್ಟ, ಮೀಥೈಲ್ ಸೆಲ್ಯುಲೋಸ್ ಮುಕ್ಕಾಲು ಪಾಲು ಉಳಿದಿದೆ, ಮುಂದಿನ ಕೆಲಸಕ್ಕೆ ಬರುತ್ತದೆ.

12. ಏಪ್ರಿಲ್ 9: ಊರಿನಲ್ಲಿ

ನಕಲು ಕೊಡಲು ಹೋದಾಗ ಶಾನುಭೋಗರ ಮನೆ ಜಗಲಿ ತುಂಬ ಜನ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ನಮ್ ಹೊಲದ ಗಡಿ ಎಲ್ಲಿಗೆ ಬತ್ತದೆ ನೋಡಿ ಮೇಡಂ." ಇದು ಹಳೆಯ ಮನೆಪ್ರತಿ, ಇದರಿಂದ ಗಡಿ ತೀರ್ಮಾನ ಆಗುವುದಿಲ್ಲ, ಅದಕ್ಕೆ ಸರ್ವೆ ಕಚೇರಿಯಲ್ಲಿ ಟಿಪ್ಪಣಿ (ಅಳತೆಯ ಮೂಲ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ತೆಗೆಸಬೇಕು ಅಂತ ಹೇಳಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಮೇಲೆ ನನ್ನ ಪ್ರಶ್ನೆ. ಕಟ್ಟೆಯ ಮೇಲೆ ಬೆರಳಿಟ್ಟು ಕೇಳಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕಾಲಿನ್ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯ ಸರ್ವೆಗೆ ಇಳಿದಾಗಲೂ, ಅವನ ಸಹಾಯಕ ಕಾವಲಿ ವೆಂಕಟ ಬೊರಯ್ಯನಂಥ ನಮ್ಮ ದೇಶದವರೇ ಊರಿನ ಹಿರಿಯರ ಹತ್ತಿರ ಕೂತು ಕೇಳಿ ಬರೆದುಕೊಂಡದ್ದು. ಬೇರೆ ದಾರಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎಪ್ಪತ್ತು ದಾಟಿದ ಒಬ್ಬರು "ಚೆನ್ನಮ್ಮನ ಕಟ್ಟೆ" ಅಂದರು. ಅದನ್ನು ಕಟ್ಟಿಸಿದಾಕೆ ಚೆನ್ನಮ್ಮ ಅಂತ ಅವರ ಅಪ್ಪ ಹೇಳುತ್ತಿದ್ದರಂತೆ. ಬರೆದುಕೊಳ್ಳುತ್ತಿದ್ದೆ. ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತಿದರು.

"ಯಾರವ್ವ ಹೇಳಿದ್ದು ಚೆನ್ನಮ್ಮ ಅಂತ? ಅದು ಸಣ್ಣಮ್ಮನ ಕಟ್ಟೆ. ನಾವು ಎಮ್ಮೆ ಮೈ ತೊಳೀತಿದ್ದುದ್ದು ಅಲ್ಲೇಯ."

"ಈಗ ನೀರಿದೆಯಾ ಅಜ್ಜಿ?"

"ಎಲ್ಲಿ ನೀರು? ಏರಿನೇ ಒಡ್ದೋಗಿ ಇಪ್ಪತ್ ವರ್ಷ ಆಯ್ತು."

ಇಬ್ಬರೂ ಬಿಟ್ಟುಕೊಡಲಿಲ್ಲ. ಒರೆಸಿದಮೇಲೆ ತೆಗೆದಿದ್ದ ಓರೆ ಬೆಳಕಿನ ಫೋಟೋವನ್ನು ಮತ್ತೆ ನೋಡಿದೆ. ನಕಾರದ ಒತ್ತಾಗಿದ್ದರೆ ಚೆನ್ನಮ್ಮ, ಣಕಾರದ ಒತ್ತಾಗಿದ್ದರೆ ಸಣ್ಣಮ್ಮ. ಆ ಗುರುತು ಎರಡಕ್ಕೂ ಹೊಂದುತ್ತದೆ. ಒರೆಸುವ ಮೊದಲು ಅದು ಒಂದೇ ಆಗಿತ್ತು.

ಪತ್ರಾಗಾರಕ್ಕೆ ಕೊಡುವ ಚೀಟಿಯಲ್ಲಿ ಹೀಗೆ ಬರೆದೆ: "ಕೆಳಗಿನ ಬಲಭಾಗ, ಪೆನ್ಸಿಲ್ ಬರಹ, '…ಮ್ಮನ ಕಟ್ಟೆ'. ಮೊದಲ ಎರಡು ಅಕ್ಷರ ಜನವರಿ 24ರಂದು ಶುಚಿ ಮಾಡುವಾಗ ನನ್ನ ಕೈಯಿಂದ ಅಳಿದುಹೋಗಿವೆ. ಊರಿನವರ ಹೇಳಿಕೆ ಎರಡು: ಚೆನ್ನಮ್ಮನ ಕಟ್ಟೆ, ಸಣ್ಣಮ್ಮನ ಕಟ್ಟೆ. ಎರಡೂ ಏಪ್ರಿಲ್ 9ರಂದು ಕೇಳಿ ಬರೆದದ್ದು." ಕೆಳಗೆ ಸಹಿ ಹಾಕಿದೆ.

ಹೊರಡುವಾಗ ಪೆಟ್ಟಿಗೆಯ ಇನ್ನೊಂದು ಸುರುಳಿಯನ್ನೂ ಕೊಟ್ಟರು. ಬಿಡಿಸಿ ನೋಡಿ ಮೇಡಂ ಅಂದರು. ಬಿಡಿಸಲಿಲ್ಲ. ರಟ್ಟು ಕಟ್ಟಿ ತಂದಿದ್ದೇನೆ, ಟ್ರೇಗೆ ನಾಳೆ ನೀರು ಹಾಕುತ್ತೇನೆ.